ನಕಲು ಎಲ್ಲಿ ನಿಂತಿತು?

ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿಯಂಥ ಊರುಗಳ ಇತ್ತೀಚಿನ ದೃಶ್ಯ ಮತ್ತು ಧ್ವನಿ ದಾಖಲೆಗಳು ಬಹುಮಟ್ಟಿಗೆ ಅಂಗೈಯಗಲದ ಬಾಹ್ಯ ಹಾರ್ಡ್‌ಡಿಸ್ಕುಗಳಲ್ಲಿ ಉಳಿದುಕೊಂಡಿವೆ. ಹೋಳಿ ಹುಣ್ಣಿಮೆಯ ಹೊತ್ತಿಗೆ ನವಲಗುಂದದ ರಾಮಲಿಂಗ ಕಾಮಣ್ಣನ ದರ್ಶನಕ್ಕೆ ಸೇರುವ ಜನಸಂದಣಿ, 2011ರಲ್ಲಿ ಭೌಗೋಳಿಕ ಗುರುತು ಪಡೆದ ನವಲಗುಂದ ಜಮಖಾನೆಯ ನೇಯ್ಗೆ, ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನಲ್ಲಿ ನಡೆಯುವ ಸಂಗೀತೋತ್ಸವ, ಇವುಗಳ ಜೊತೆಗೆ ಲೆಕ್ಕವಿಲ್ಲದಷ್ಟು ಮದುವೆ, ಸೀಮಂತ, ಜಾತ್ರೆಗಳ ಚಿತ್ರೀಕರಣವೆಲ್ಲ ಮೊದಲು ಕ್ಯಾಮರಾದ ಕಾರ್ಡಿನಲ್ಲಿ ಸೇರಿ, ಅಲ್ಲಿಂದ ಕಂಪ್ಯೂಟರಿಗೆ ಇಳಿದು, ಕೊನೆಗೆ ಇಂಥ ಡಿಸ್ಕೊಂದನ್ನು ಸೇರುತ್ತದೆ. ಈ ಕೊನೆಯ ಹಂತದಲ್ಲಿ, ಅಂದರೆ ದೊಡ್ಡ ಕಡತಗಳನ್ನು ಡಿಸ್ಕಿಗೆ ನಕಲು ಮಾಡುವಾಗ, ಕೆಲಸ ನಿಂತುಹೋಗುವುದು ಅಥವಾ ಆಮೆವೇಗಕ್ಕೆ ಇಳಿಯುವುದು ಸ್ಟುಡಿಯೋ ನಡೆಸುವವರಿಗೂ ಶಾಲಾ ಕಾಲೇಜುಗಳ ಗಣಕ ವಿಭಾಗದವರಿಗೂ ಚೆನ್ನಾಗಿ ಗೊತ್ತಿರುವ ತೊಂದರೆ.

ಕಡತಗಳು ಎಷ್ಟು ದೊಡ್ಡವು ಎಂಬುದನ್ನು ಮೊದಲು ಅಂದಾಜು ಮಾಡಿಕೊಳ್ಳಬೇಕು. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ಚಿತ್ರೀಕರಿಸುವ ಕ್ಯಾಮರಾ ಒಂದು ಗಂಟೆಗೆ 45 ಗಿಗಾಬೈಟ್ ತುಂಬಿಸುತ್ತದೆ. ಎಂಟು ಬಿಟ್‌ಗೆ ಒಂದು ಬೈಟ್ ಎಂಬ ಲೆಕ್ಕ ಹಿಡಿದರೆ ಈ ಸಂಖ್ಯೆ ತಾನಾಗಿ ಬರುತ್ತದೆ. ಎರಡು ಕ್ಯಾಮರಾಗಳು ನಾಲ್ಕು ಗಂಟೆಯ ಕಾರ್ಯಕ್ರಮವನ್ನು ಹಿಡಿದರೆ 360 ಗಿಗಾಬೈಟ್ ಆಗುವುದರಿಂದ, ಒಂದು ಟೆರಾಬೈಟಿನ ಡಿಸ್ಕ್ ಮೂರನೆಯ ಕಾರ್ಯಕ್ರಮಕ್ಕೇ ತುಂಬಿಹೋಗುತ್ತದೆ. ಅದೇ ಡಿಸ್ಕನ್ನು ವಿಂಡೋಸ್ 931 ಗಿಗಾಬೈಟ್ ಎಂದು ತೋರಿಸುವುದರಲ್ಲಿ ಮೋಸವೇನೂ ಇಲ್ಲ. ತಯಾರಕರು ಸಾವಿರದ ಗುಣಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಗುಣಕದಲ್ಲಿ ಎಣಿಸುತ್ತದೆ, ಅಷ್ಟೇ.

ನಕಲು ನಿಂತಾಗ ಈ ಭಾಗದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಮೂರು: "ಡಿಸ್ಕ್ ಹೋಗೇತಿ", "ವೈರಸ್ ಬಂದೈತಿ", "ಒಮ್ಮೆ ಫಾರ್ಮ್ಯಾಟ್ ಹೊಡೀರಿ". ಮೊದಲನೆಯದು ಅವಸರದ ತೀರ್ಪು, ಎರಡನೆಯದು ಬಹುಪಾಲು ಸಂದರ್ಭಗಳಲ್ಲಿ ಸುಳ್ಳು, ಮೂರನೆಯದಂತೂ ಡಿಸ್ಕಿನಲ್ಲಿ ಈಗಾಗಲೇ ಇರುವುದನ್ನು ಅಳಿಸಿಹಾಕುವ ಸಲಹೆ. ಕಾರ್ಡು, ಕಾರ್ಡ್ ರೀಡರು, ಕಂಪ್ಯೂಟರು, ಅದರ ಯುಎಸ್‌ಬಿ ಕಿಂಡಿ, ಕೇಬಲ್, ಡಿಸ್ಕಿನ ಪೆಟ್ಟಿಗೆಯೊಳಗಿನ ಪುಟ್ಟ ಸರ್ಕಿಟ್, ಕೊನೆಗೆ ತಿರುಗುವ ಬಿಲ್ಲೆ, ಹೀಗೆ ಏಳು ಕೊಂಡಿಗಳ ಸರಪಳಿಯಲ್ಲಿ ದತ್ತಾಂಶ ಹರಿಯುತ್ತದೆ; ಇವುಗಳಲ್ಲಿ ಯಾವುದು ಸೋತರೂ ಪರದೆಯ ಮೇಲೆ ಕಾಣುವ ಸಂದೇಶ ಹೆಚ್ಚುಕಡಿಮೆ ಒಂದೇ ಬಗೆಯದು. ಆದ್ದರಿಂದ ಸಂದೇಶದ ಮಾತಿಗಿಂತ ನಕಲು ಯಾವ ಹೊತ್ತಿನಲ್ಲಿ, ಯಾವ ರೀತಿಯಲ್ಲಿ ನಿಂತಿತು ಎಂಬುದು ಹೆಚ್ಚು ನಂಬಬಹುದಾದ ಸಾಕ್ಷಿ. ಹಾಗೆ ವಿಚಾರಿಸುತ್ತ ಹೋದರೆ ಡಿಸ್ಕಿನ ಬಿಲ್ಲೆಯ ಸರದಿ ಬರುವುದು ಬಹಳ ತಡವಾಗಿ.

ನಕಲು ಆರಂಭವಾಗುವ ಮೊದಲೇ, ಡಿಸ್ಕಿನಲ್ಲಿ ನೂರಾರು ಗಿಗಾಬೈಟ್ ಖಾಲಿ ಇದ್ದರೂ, "ಈ ಕಡತ ತೀರ ದೊಡ್ಡದು" ಎಂದು ಕಂಪ್ಯೂಟರು ನಿರಾಕರಿಸಿದರೆ ಕಾರಣ ಕಡತ ವ್ಯವಸ್ಥೆಯಲ್ಲಿದೆ. ಯಾವ ಕಡತ ಬಿಲ್ಲೆಯ ಯಾವ ಭಾಗದಲ್ಲಿದೆ, ಅದರ ಗಾತ್ರವೆಷ್ಟು, ಹೆಸರೇನು ಎಂಬುದನ್ನು ಬರೆದಿಡುವ ದಫ್ತರಿನ ಕ್ರಮಕ್ಕೆ ಕಡತ ವ್ಯವಸ್ಥೆ ಎಂದು ಹೆಸರು. 1996ರಲ್ಲಿ ವಿಂಡೋಸ್ 95ರ ಪರಿಷ್ಕೃತ ಆವೃತ್ತಿಯೊಂದಿಗೆ ಬಂದ ಫ್ಯಾಟ್32 ಎಂಬ ವ್ಯವಸ್ಥೆ ಪ್ರತಿ ಕಡತದ ಗಾತ್ರವನ್ನು 32 ಬಿಟ್‌ಗಳ ಒಂದು ಅಂಕಣದಲ್ಲಿ ಬರೆಯುತ್ತದೆ. ಅಷ್ಟರಲ್ಲಿ ಬರೆಯಬಹುದಾದ ಅತಿ ದೊಡ್ಡ ಸಂಖ್ಯೆ 4,29,49,67,295. ಒಂದೇ ಒಂದು ಬೈಟ್ ಹೆಚ್ಚಾದರೂ ಕಡತ ಅದರಲ್ಲಿ ಹಿಡಿಸದು. ಅಣ್ಣಿಗೇರಿಯ ಅಡತಿ ಅಂಗಡಿಯೊಂದರ ಗೋದಾಮಿನಲ್ಲಿ ಸಾವಿರ ಚೀಲ ಕಡಲೆಗೆ ಜಾಗವಿದ್ದು, ಪಟ್ಟಿ ಬರೆಯುವ ಪುಸ್ತಕದಲ್ಲಿ ಚೀಲದ ಸಂಖ್ಯೆಗೆ ಮಾತ್ರ ಎರಡೇ ಅಂಕಿಯ ಕಲಮು ಇದ್ದರೆ ಏನಾದೀತೆಂದು ಊಹಿಸಿಕೊಂಡರೆ ವಿಷಯ ಸ್ಪಷ್ಟವಾಗುತ್ತದೆ: ತೊಂಬತ್ತೊಂಬತ್ತಕ್ಕೆ ನಿಲ್ಲಿಸಿ ಇನ್ನೊಂದು ಪಟ್ಟಿ ಹರಿಯಬೇಕಾಗುತ್ತದೆ.

ಹಳೆಯ ಕ್ಯಾಮರಾಗಳು ಮಾಡುತ್ತಿದ್ದುದೂ ಇದನ್ನೇ. 32 ಗಿಗಾಬೈಟ್ ಮತ್ತು ಅದಕ್ಕಿಂತ ಚಿಕ್ಕ ಎಸ್‌ಡಿಎಚ್‌ಸಿ ಕಾರ್ಡುಗಳು ಫ್ಯಾಟ್32ನ್ನು ಬಳಸುವುದರಿಂದ, ಮಾಂಗಲ್ಯಧಾರಣೆಯ ನಡುವೆಯೇ ಒಂದು ಕಡತ ಮುಗಿದು ಇನ್ನೊಂದು ಶುರುವಾಗುತ್ತಿತ್ತು. 64 ಗಿಗಾಬೈಟಿನಿಂದ ಮೇಲಿನ ಎಸ್‌ಡಿಎಕ್ಸ್‌ಸಿ ಕಾರ್ಡುಗಳಿಗೆ ಎಕ್ಸ್‌ಫ್ಯಾಟ್ ಎಂಬ ವ್ಯವಸ್ಥೆ ನಿಗದಿಯಾದ ಮೇಲೆ ಹಲವು ಕ್ಯಾಮರಾಗಳು ಹತ್ತಿಪ್ಪತ್ತು ಗಿಗಾಬೈಟಿನ ಅಖಂಡ ಕಡತವನ್ನೇ ಕೊಡತೊಡಗಿದವು. ಆ ಕಡತ ಫ್ಯಾಟ್32 ಇರುವ ಡಿಸ್ಕಿನ ಬಾಗಿಲಲ್ಲಿ ನಿಂತುಬಿಡುತ್ತದೆ. ಹೊಸ ಡಿಸ್ಕುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ವ್ಯವಸ್ಥೆಯೊಂದಿಗೇ ಬರುತ್ತವೆ. ಹೀಗಿದ್ದೂ ಫ್ಯಾಟ್32 ಡಿಸ್ಕುಗಳು ಕೈಗೆ ಸಿಗುವುದಕ್ಕೆ ಕಾರಣ, ಹಳೆಯ ಟಿವಿಗೆ ಹಾಕಿ ನೋಡಲೆಂದೋ ಟ್ರ್ಯಾಕ್ಟರಿನ ಟೇಪಿಗೆ ಹಾಡು ಹಾಕಲೆಂದೋ ಯಾರೋ ಒಬ್ಬರು ಎಂದೋ ಅವುಗಳನ್ನು ಹಾಗೆ ಬದಲಾಯಿಸಿಟ್ಟಿರುತ್ತಾರೆ. ಉತ್ತರ ಕರ್ನಾಟಕದ ಟ್ರ್ಯಾಕ್ಟರುಗಳ ಧ್ವನಿವರ್ಧಕಗಳು ಫ್ಯಾಟ್32ರ ಆಯುಷ್ಯವನ್ನು ಸಾಕಷ್ಟು ಹೆಚ್ಚಿಸಿವೆ ಎಂದರೆ ಅದು ಪೂರ್ತಿ ತಮಾಷೆಯಾಗಲಾರದು.

ಪರಿಹಾರವಾಗಿ ಯಾವ ವ್ಯವಸ್ಥೆಯನ್ನು ಆರಿಸಬೇಕು ಎಂಬುದರಲ್ಲಿ ವಿವೇಚನೆ ಬೇಕು. 1993ರಲ್ಲಿ ಬಂದ ಎನ್‌ಟಿಎಫ್‌ಎಸ್ ಯಾವುದೇ ಬದಲಾವಣೆಗೆ ಮುನ್ನ ಅದರ ಟಿಪ್ಪಣಿಯನ್ನು ಬೇರೆಡೆ ಬರೆದಿಟ್ಟುಕೊಳ್ಳುವುದರಿಂದ, ನಡುವೆ ಕರೆಂಟು ಹೋದರೂ ದಫ್ತರು ಅಸ್ತವ್ಯಸ್ತವಾಗುವುದು ಕಡಿಮೆ. ಆದರೆ ಆ್ಯಪಲ್ ಕಂಪ್ಯೂಟರುಗಳು ಅದನ್ನು ಓದಬಲ್ಲವೇ ಹೊರತು, ಹೆಚ್ಚುವರಿ ತಂತ್ರಾಂಶವಿಲ್ಲದೆ ಅದರ ಮೇಲೆ ಬರೆಯಲಾರವು. 2006ರಲ್ಲಿ ಬಂದ ಎಕ್ಸ್‌ಫ್ಯಾಟ್ ಎರಡೂ ಕಡೆ ಓದಿಸಿಕೊಳ್ಳುತ್ತದೆ, ಬರೆಸಿಕೊಳ್ಳುತ್ತದೆ, 2019ರ ನಂತರ ಲಿನಕ್ಸ್‌ನ ಒಳತಿರುಳಿನಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಆದರೆ ಮುಂಟಿಪ್ಪಣಿಯ ಆ ರಕ್ಷಣೆ ಅದಕ್ಕಿಲ್ಲ. ಒಂದೇ ವಿಂಡೋಸ್ ಕಂಪ್ಯೂಟರಿಗೆ ಅಂಟಿಕೊಂಡಿರುವ ಡಿಸ್ಕಿಗೆ ಎನ್‌ಟಿಎಫ್‌ಎಸ್, ಊರೂರು ತಿರುಗಿ ಬಗೆಬಗೆಯ ಯಂತ್ರಗಳಿಗೆ ಸೇರುವ ಡಿಸ್ಕಿಗೆ ಎಕ್ಸ್‌ಫ್ಯಾಟ್ ಎಂಬುದು ಒಪ್ಪಬಹುದಾದ ವಿಂಗಡಣೆ. ಫ್ಯಾಟ್32ರಿಂದ ಎನ್‌ಟಿಎಫ್‌ಎಸ್‌ಗೆ ಒಳಗಿನದನ್ನು ಅಳಿಸದೆಯೇ ಬದಲಾಯಿಸುವ "ಕನ್ವರ್ಟ್" ಎಂಬ ಆದೇಶ ವಿಂಡೋಸ್‌ನಲ್ಲೇ ಇದೆ. ಎಕ್ಸ್‌ಫ್ಯಾಟ್‌ಗೆ ಅಂಥ ದಾರಿ ಇಲ್ಲದ್ದರಿಂದ ಎಲ್ಲವನ್ನೂ ಬೇರೆಡೆ ಇಳಿಸಿಯೇ ಫಾರ್ಮ್ಯಾಟ್ ಮಾಡಬೇಕು.

ಧ್ವನಿಮುದ್ರಣದಲ್ಲಿ ಇದೇ ನಾಲ್ಕು ಗಿಗಾಬೈಟಿನ ಗೋಡೆ ಇನ್ನೊಂದು ವೇಷದಲ್ಲಿ ಎದುರಾಗುತ್ತದೆ. ವೇವ್ ಎಂಬ ಪ್ರಚಲಿತ ಧ್ವನಿ ಕಡತದ ತಲೆಬರಹದಲ್ಲೂ ಗಾತ್ರಕ್ಕೆ 32 ಬಿಟ್ ಮಾತ್ರ ಮೀಸಲಾಗಿದೆ. ಸೆಕೆಂಡಿಗೆ 96,000 ಮಾದರಿ, ಪ್ರತಿ ಮಾದರಿಗೆ 24 ಬಿಟ್, ಎರಡು ವಾಹಿನಿ ಎಂಬ ಗುಣಮಟ್ಟದಲ್ಲಿ ಸಂಗೀತವನ್ನು ಹಿಡಿದರೆ ಗಂಟೆಗೆ ಎರಡು ಗಿಗಾಬೈಟಿಗೂ ತುಸು ಹೆಚ್ಚಾಗುವುದರಿಂದ, ಎರಡು ಗಂಟೆ ನಾಲ್ಕು ನಿಮಿಷಕ್ಕೆ ಆ ಅಂಕಣ ತುಂಬುತ್ತದೆ. ಕುಂದಗೋಳದಂಥ ಊರಿನ ಬೈಠಕ್ಕಿನಲ್ಲಿ ಕಲಾವಿದರ ವಿಲಂಬಿತ ಖ್ಯಾಲು ಗಡಿಯಾರ ನೋಡಿ ಮುಗಿಯುವುದಿಲ್ಲ. ಮುದ್ರಣವನ್ನು ನಡುನಡುವೆ ಹೊಸ ಕಡತಕ್ಕೆ ಹೊರಳಿಸದಿದ್ದರೆ, ಅಥವಾ 64 ಬಿಟ್‌ನ ಅಂಕಣವಿರುವ ಆರ್‌ಎಫ್64 ಮಾದರಿಯನ್ನು ಆರಿಸದಿದ್ದರೆ, ಡಿಸ್ಕಿನ ಕಡತ ವ್ಯವಸ್ಥೆ ಎಷ್ಟೇ ಹೊಸದಾಗಿದ್ದರೂ ಉಪಯೋಗವಿಲ್ಲ. ಇಂಥ ಕಡತ ಡಿಸ್ಕಿಗೆ ಸರಾಗವಾಗಿ ನಕಲಾಗಿಯೂ ತೆರೆಯುವಾಗ ಅರ್ಧಕ್ಕೇ ನಿಲ್ಲಬಹುದು, ಆಗ ದೂರು ಮತ್ತೆ ಡಿಸ್ಕಿನ ತಲೆಗೇ ಬರುತ್ತದೆ.

ಕನ್ನಡದಲ್ಲಿ ಹೆಸರಿಟ್ಟ ಕಡತಗಳದು ಮತ್ತೊಂದು ಕತೆ. "ಅಣ್ಣಿಗೇರಿ ಅಮೃತೇಶ್ವರ ದೇವಾಲಯ" ಎಂಬ ಹೆಸರು ಕಿವಿಗೆ ಹದಿಮೂರು ಅಕ್ಷರ. ಯೂನಿಕೋಡ್‌ನಲ್ಲಿ ಒತ್ತು, ಗುಣಿತ, ವಿರಾಮಗಳೆಲ್ಲ ಪ್ರತ್ಯೇಕ ಸಂಕೇತಗಳಾದ್ದರಿಂದ ಅದು 24 ಸಂಕೇತಗಳಾಗುತ್ತದೆ, ಲಿನಕ್ಸ್ ಬಳಸುವ ಯುಟಿಎಫ್-8 ಕ್ರಮದಲ್ಲಿ ಪ್ರತಿ ಕನ್ನಡ ಸಂಕೇತಕ್ಕೆ ಮೂರು ಬೈಟ್ ಬೇಕಾದ್ದರಿಂದ, ಎರಡು ಖಾಲಿ ಜಾಗಗಳೂ ಸೇರಿ, 74 ಬೈಟ್ ಆಗುತ್ತದೆ. ಲಿನಕ್ಸ್‌ನ ಸಾಮಾನ್ಯ ಕಡತ ವ್ಯವಸ್ಥೆಯಲ್ಲಿ ಹೆಸರಿನ ಮಿತಿ 255 ಬೈಟ್, ಅಂದರೆ 85 ಕನ್ನಡ ಸಂಕೇತ. ವಿಂಡೋಸ್ ಎಣಿಕೆಯ ಕ್ರಮ ಬೇರೆ. ಅಲ್ಲಿ ಫೋಲ್ಡರಿನೊಳಗಿನ ಫೋಲ್ಡರುಗಳ ಹೆಸರೆಲ್ಲ ಕೂಡಿ ಪೂರ್ಣ ವಿಳಾಸ 260 ಸಂಕೇತಗಳನ್ನು ಮೀರಿದರೆ ಹಲವು ತಂತ್ರಾಂಶಗಳು ಆ ಕಡತವನ್ನು ಮುಟ್ಟುವುದಿಲ್ಲ. ಕಾರ್ಯಕ್ರಮದ ಹೆಸರು, ಊರು, ದಿನಾಂಕ, ಅತಿಥಿಗಳ ಬಿರುದಾವಳಿಗಳನ್ನೆಲ್ಲ ಫೋಲ್ಡರಿನ ಹೆಸರಿಗೇ ತುಂಬುವವರಿಗೆ ಈ ಮಿತಿ ದೂರದ್ದೇನಲ್ಲ. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆಯಂತೂ "ಗೇ" ಎಂಬಲ್ಲಿನ ದೀರ್ಘವನ್ನು ಎತ್ವ ಮತ್ತು ದೀರ್ಘಚಿಹ್ನೆ ಎಂದು ಬಿಡಿಸಿ ಬರೆಯುವುದರಿಂದ, ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಹೆಸರುಗಳನ್ನು ಹೋಲಿಸುವ ತಂತ್ರಾಂಶ ಬೇರೆಬೇರೆ ಎಂದು ತಿಳಿದು ಒಂದೇ ಕಡತವನ್ನು ಎರಡು ಸಲ ನಕಲು ಮಾಡುವುದುಂಟು. ಸಮಯ ಸೂಚಿಸಲು ಹೆಸರಿನಲ್ಲಿ ವಿವರಣ ಚಿಹ್ನೆಯ ಜೋಡಿ ಚುಕ್ಕೆ ಹಾಕಿದ್ದರೆ ವಿಂಡೋಸ್ ಒಪ್ಪುವುದೇ ಇಲ್ಲ.

ನಕಲು ನಿಲ್ಲದೆ ನಿಧಾನವಾದಾಗ ಮೊದಲು ನೋಡಬೇಕಾದದ್ದು ಕೇಬಲ್. 2000ದಲ್ಲಿ ಬಂದ ಯುಎಸ್‌ಬಿ 2.0ರ ಹೇಳಿಕೆಯ ವೇಗ ಸೆಕೆಂಡಿಗೆ 480 ಮೆಗಾಬಿಟ್ ಆದರೂ ಕೈಗೆ ದಕ್ಕುವುದು 30ರಿಂದ 40 ಮೆಗಾಬೈಟ್. 2008ರ ಯುಎಸ್‌ಬಿ 3.0ರ ದಾರಿ ಅದಕ್ಕಿಂತ ಹತ್ತು ಪಟ್ಟು ಅಗಲ. ಬಹಳಷ್ಟು ಬಾಹ್ಯ ಡಿಸ್ಕುಗಳಲ್ಲಿರುವ ಅಗಲವಾದ, ಎರಡು ಭಾಗದ ಕಿಂಡಿಯ ದೊಡ್ಡ ಭಾಗಕ್ಕೆ ಹಳೆಯ ಮೊಬೈಲಿನ ಚಾರ್ಜಿಂಗ್ ಕೇಬಲ್ ಸರಿಯಾಗಿ ಕೂರುತ್ತದೆ, ಡಿಸ್ಕೂ ಕೆಲಸ ಮಾಡುತ್ತದೆ, ಆದರೆ ಹಳೆಯ ವೇಗದಲ್ಲಿ. ಡಿಸ್ಕಿನೊಂದಿಗೆ ಬಂದ ಕೇಬಲ್ ಕಳೆದುಹೋಗಿ ಇಂಥದ್ದನ್ನು ಸಿಕ್ಕಿಸಿದಲ್ಲಿ ಅರ್ಧ ಗಂಟೆಯಲ್ಲಿ ಮುಗಿಯಬೇಕಾದ 200 ಗಿಗಾಬೈಟ್ ಒಂದೂವರೆ ಗಂಟೆಗೂ ಮೀರಿ ಎಳೆಯುತ್ತದೆ. ಒಳಗೆ ನೀಲಿ ಬಣ್ಣದ ನಾಲಿಗೆ ಇರುವ ಕಿಂಡಿ ಸಾಮಾನ್ಯವಾಗಿ ಹೊಸ ವೇಗದ್ದು. ಕೇಬಲ್ ಬದಲಿಸಿ, ಬಳಿಕ ಕಿಂಡಿ ಬದಲಿಸಿ, ಹೀಗೆ ಒಂದು ಸಲಕ್ಕೆ ಒಂದೇ ಕೊಂಡಿಯನ್ನು ಬದಲಾಯಿಸಿ ನೋಡಬೇಕು. ಎರಡನ್ನೂ ಒಟ್ಟಿಗೆ ಬದಲಿಸಿದರೆ ತಪ್ಪು ಯಾವುದರದ್ದೆಂದು ತಿಳಿಯದು.

ಮೊದಲು ವೇಗವಾಗಿದ್ದು ಆಮೇಲೆ ಕುಸಿಯುವ ನಕಲಿಗೆ ಕೇಬಲ್ ಕಾರಣವಲ್ಲ. ಆರಂಭದ ಕೆಲವು ಸೆಕೆಂಡುಗಳಲ್ಲಿ ಪರದೆ ತೋರಿಸುವ ಸೆಕೆಂಡಿಗೆ 300–400 ಮೆಗಾಬೈಟಿನ ವೇಗ ತಿರುಗುವ ಡಿಸ್ಕಿಗೆ ಸಾಧ್ಯವೇ ಇಲ್ಲದ್ದು. ಕಂಪ್ಯೂಟರು ದತ್ತಾಂಶವನ್ನು ತನ್ನ ತಾತ್ಕಾಲಿಕ ಸ್ಮೃತಿಗೆ ತುಂಬಿಕೊಂಡು ಕೆಲಸವಾಯಿತೆಂದು ಲೆಕ್ಕ ಹಾಕುತ್ತಿರುತ್ತದೆ. ಆ ಸ್ಮೃತಿ ತುಂಬಿದ ಮೇಲೆ ಕಾಣುವ ಸೆಕೆಂಡಿಗೆ ನೂರರ ಆಸುಪಾಸಿನ ವೇಗವೇ ನಿಜವಾದದ್ದು. ಬಿಲ್ಲೆ ಹೊರ ಅಂಚಿನಿಂದ ಒಳಕ್ಕೆ ತುಂಬುತ್ತ ಹೋಗುವುದರಿಂದ, ಒಳಸುತ್ತಿನಲ್ಲಿ ಒಂದು ಸುತ್ತಿಗೆ ಹಿಡಿಸುವ ದತ್ತಾಂಶ ಕಡಿಮೆಯಾಗಿ, ತುಂಬಿದ ಡಿಸ್ಕಿನ ವೇಗ ಹೊಸದರ ಅರ್ಧಕ್ಕೆ ಇಳಿಯುವುದೂ ಸಹಜ.

ಸಹಜವಲ್ಲವೆಂದು ತೋರುವುದು, ಐವತ್ತು ಅಥವಾ ನೂರು ಗಿಗಾಬೈಟ್ ಸಾಗಿದ ಮೇಲೆ ವೇಗ ಸೆಕೆಂಡಿಗೆ ಹತ್ತು ಮೆಗಾಬೈಟಿಗೆ ಬೀಳುವ ಕುಸಿತ. ಇದರ ಹಿಂದೆ ಶಿಂಗಲ್ಡ್ ಮುದ್ರಣವೆಂಬ ವಿಧಾನವಿದೆ. ಕನ್ನಡದಲ್ಲಿ ಹೆಂಚು ಹೊದಿಕೆಯ ಮುದ್ರಣ ಎನ್ನಬಹುದು. ನವಲಗುಂದದ ಎರೆ ನೆಲದ ಮಣ್ಣಿನ ಮಾಳಿಗೆಗಿಂತ ಕಲಘಟಗಿಯ ಮಲೆನಾಡ ಸೆರಗಿನ ಹೆಂಚಿನ ಮನೆ ಇಲ್ಲಿ ಹೋಲಿಕೆಗೆ ಒದಗುತ್ತದೆ. ಬಿಲ್ಲೆಯ ಮೇಲೆ ಹೆಚ್ಚು ಗೀಟುಗಳನ್ನು ಹಿಡಿಸಲೆಂದು ಒಂದು ಗೀಟಿನ ಅಂಚಿನ ಮೇಲೆ ಮುಂದಿನ ಗೀಟನ್ನು ಹೆಂಚಿನಂತೆ ಹೊದಿಸಲಾಗುತ್ತದೆ; ಓದಲು ಕಾಣುವಷ್ಟು ಭಾಗ ಸಾಕು, ಆದರೆ ನಡುವಿನ ಒಂದು ಹೆಂಚನ್ನು ಬದಲಿಸಬೇಕಾದರೆ ಅದರ ಮೇಲೆ ಹೊದ್ದಿರುವ ಸಾಲುಗಳನ್ನೆಲ್ಲ ತೆಗೆದು ಮತ್ತೆ ಹೊದಿಸಬೇಕು. ಈ ತೊಡಕು ಕಾಣದಿರಲೆಂದು ಡಿಸ್ಕು ಹೊದಿಕೆಯಿಲ್ಲದ ಒಂದು ಸಣ್ಣ ಅಂಗಳವನ್ನು ಇಟ್ಟುಕೊಂಡು, ಬಂದದ್ದನ್ನೆಲ್ಲ ಮೊದಲು ಅಲ್ಲಿ ಇಳಿಸಿಕೊಂಡು, ಬಿಡುವಾದಾಗ ಒಳಗೆ ಸಾಗಿಸುತ್ತದೆ. ಬಿಡುವೇ ಕೊಡದೆ ಸುರಿದರೆ ಅಂಗಳ ತುಂಬಿ ಕೆಲಸ ತೆವಳುತ್ತದೆ. 2020ರ ಏಪ್ರಿಲ್‌ನಲ್ಲಿ, ಕೆಲವು ಮಾದರಿಗಳಲ್ಲಿ ಈ ವಿಧಾನವಿರುವುದನ್ನು ಖರೀದಿದಾರರಿಗೆ ಸ್ಪಷ್ಟವಾಗಿ ತಿಳಿಸಿರಲಿಲ್ಲ ಎಂಬ ಆಕ್ಷೇಪ ಎದ್ದ ಮೇಲೆ ಜಗತ್ತಿನ ಮೂರೂ ದೊಡ್ಡ ಹಾರ್ಡ್‌ಡಿಸ್ಕ್ ತಯಾರಕರು ಅಂಥ ಮಾದರಿಗಳನ್ನು ಬಹಿರಂಗಪಡಿಸಿದರು. ಇಂದು ಅಂಗಡಿಯಲ್ಲಿ ಸಿಗುವ ಜೇಬಿನ ಗಾತ್ರದ ಡಿಸ್ಕುಗಳಲ್ಲಿ ಹಲವು ಈ ಜಾತಿಯವು. ಇಂಥ ಡಿಸ್ಕು ಕೆಟ್ಟಿದೆಯೆಂದು ಹಿಂದಿರುಗಿಸುವ ಬದಲು, ನಕಲನ್ನು ಕಂತುಗಳಲ್ಲಿ ಮಾಡಿ ನಡುವೆ ಡಿಸ್ಕನ್ನು ಕಿತ್ತುಹಾಕದೆ ಸುಮ್ಮನೆ ಬಿಟ್ಟರೆ ಅದು ತನ್ನ ಅಂಗಳವನ್ನು ತಾನೇ ಗುಡಿಸಿಕೊಳ್ಳುತ್ತದೆ.

ನಕಲಿನ ನಡುವೆ ಡಿಸ್ಕೇ ಮಾಯವಾಗಿ, ಟಿಕ್ ಟಿಕ್ ಸದ್ದಿನೊಂದಿಗೆ ಮರಳಿ ಕಾಣಿಸಿಕೊಂಡರೆ ವಿದ್ಯುತ್ತನ್ನು ಶಂಕಿಸಬೇಕು. ಯುಎಸ್‌ಬಿ 2.0 ಕಿಂಡಿ 500 ಮಿಲಿಆ್ಯಂಪಿಯರ್, 3.0 ಕಿಂಡಿ 900 ಮಿಲಿಆ್ಯಂಪಿಯರ್ ಕೊಡಬೇಕೆಂಬುದು ನಿಯಮ. ಬಿಲ್ಲೆ ತಿರುಗಲು ಆರಂಭಿಸುವ ಗಳಿಗೆಯಲ್ಲಿ ಅದಕ್ಕೂ ಹೆಚ್ಚು ಬೇಕಾಗಬಹುದು. ಡೆಸ್ಕ್‌ಟಾಪಿನ ಮುಂಭಾಗದ ಕಿಂಡಿ, ಉದ್ದನೆಯ ಎಕ್ಸ್‌ಟೆನ್ಷನ್ ಕೇಬಲ್, ಅಡಾಪ್ಟರಿಲ್ಲದ ಹಬ್ ಇವು ಮೂರನ್ನೂ ಬಿಟ್ಟು ಹಿಂಭಾಗದ ಕಿಂಡಿಗೆ ನೇರವಾಗಿ ಜೋಡಿಸಿದರೆ ಎಷ್ಟೋ ಡಿಸ್ಕುಗಳು ಮರುಜೀವ ಪಡೆಯುತ್ತವೆ. ಬೇಸಿಗೆಯದೂ ಒಂದು ಪಾಲಿದೆ: ಬಹುತೇಕ ಬಾಹ್ಯ ಡಿಸ್ಕುಗಳ ಕೆಲಸದ ಉಷ್ಣತೆ 5ರಿಂದ 35 ಡಿಗ್ರಿ ಸೆಲ್ಸಿಯಸ್ ಎಂದು ಡಬ್ಬಿಯೊಳಗಿನ ಚೀಟಿಯಲ್ಲಿ ನಮೂದಾಗಿರುತ್ತದೆ, ಏಪ್ರಿಲ್–ಮೇ ತಿಂಗಳ ನವಲಗುಂದದ ಮಧ್ಯಾಹ್ನ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ದೀರ್ಘ ನಕಲನ್ನು ರಾತ್ರಿಗೆ ಇಟ್ಟುಕೊಳ್ಳುವುದು ಅಥವಾ ಫ್ಯಾನಿನ ಗಾಳಿಗೆ ಡಿಸ್ಕನ್ನು ಬರಿಯ ಮೇಜಿನ ಮೇಲಿಡುವುದು ಉಚಿತ. ಹಾಸಿಗೆಯ ಮೇಲಾಗಲಿ ಗಾದಿಯ ಮೇಲಾಗಲಿ ಇಡಬಾರದು.

ಪ್ರತಿ ಸಲವೂ ಅದೇ ಕಡತದಲ್ಲಿ, ಅದೇ ಶೇಕಡಾವಾರಿನಲ್ಲಿ ನಿಂತರೆ ಮಾತ್ರ ಬಿಲ್ಲೆಯ ಅಥವಾ ಕಾರ್ಡಿನ ಮೈಮೇಲಿನ ಗಾಯವನ್ನು ಹುಡುಕಬೇಕು. ಆಗ ಬರುವ "ಸೈಕ್ಲಿಕ್ ರಿಡಂಡೆನ್ಸಿ ಚೆಕ್" ಎಂಬ ಸಂದೇಶದ ಅರ್ಥ, ಬರೆದಿಟ್ಟ ದತ್ತಾಂಶವೂ ಅದರ ಜೊತೆಗಿನ ತಾಳೆಸಂಖ್ಯೆಯೂ ಹೊಂದುತ್ತಿಲ್ಲವೆಂದು. ಇದು ಸಾಮಾನ್ಯವಾಗಿ ಓದುವಾಗ ಹುಟ್ಟುವ ದೋಷವಾದ್ದರಿಂದ ತಪ್ಪು ಇರುವುದು ಹೆಚ್ಚಾಗಿ ಮೂಲದಲ್ಲಿ, ಅಂದರೆ ಕಾರ್ಡಿನಲ್ಲಿ. ಜನ ಬೈಯುವುದು ಮಾತ್ರ ಗುರಿಯಲ್ಲಿರುವ ಡಿಸ್ಕನ್ನು. ಅದೇ ಕಡತವನ್ನು ಕಂಪ್ಯೂಟರಿನ ಒಳಡಿಸ್ಕಿಗೆ ನಕಲಿಸಿ ನೋಡಿದರೆ ವ್ಯಾಜ್ಯ ಇತ್ಯರ್ಥವಾಗುತ್ತದೆ. ಮೂಲವೇ ಗಾಯಗೊಂಡಿದ್ದರೆ ದುರಸ್ತಿಯ ತಂತ್ರಾಂಶವನ್ನು ಅದರ ಮೇಲೆ ಓಡಿಸುವುದಕ್ಕೆ ಮುನ್ನ, ಓದಲು ಬರುವಷ್ಟನ್ನು ಮೊದಲು ಎತ್ತಿಕೊಂಡು ಗಾಯದ ಭಾಗಕ್ಕೆ ಕೊನೆಯಲ್ಲಿ ಮರಳುವ ಡಿಡಿರೆಸ್ಕ್ಯೂ ಬಗೆಯ ಉಪಕರಣದಿಂದ ಸಿಕ್ಕಷ್ಟನ್ನು ಬಚಾವು ಮಾಡಬೇಕು. ಇರುವ ಒಂದೇ ಪ್ರತಿಯ ಮೇಲೆ ಚಿಕಿತ್ಸೆಯ ಪ್ರಯೋಗ ಸಲ್ಲದು.

ಪರದೆ ನೂರು ಶೇಕಡಾ ತೋರಿಸಿದಾಗಲೂ ತಾತ್ಕಾಲಿಕ ಸ್ಮೃತಿಯಲ್ಲಿರುವುದು ಡಿಸ್ಕನ್ನು ಮುಟ್ಟಿರುತ್ತದೆಂಬ ಖಾತ್ರಿಯಿಲ್ಲ. 2018ರ ಅಕ್ಟೋಬರಿನ ಪರಿಷ್ಕರಣೆಯ ನಂತರ ವಿಂಡೋಸ್ 10 ಬಾಹ್ಯ ಡಿಸ್ಕುಗಳನ್ನು ತಟ್ಟನೆ ತೆಗೆಯಬಹುದಾದ ಕ್ರಮಕ್ಕೆ ಹೊಂದಿಸಿತಾದರೂ, ಸುರಕ್ಷಿತವಾಗಿ ತೆಗೆಯುವ ಗುಂಡಿಯನ್ನು ಒತ್ತಿ, ಬಿಲ್ಲೆಯ ಸದ್ದು ಅಡಗಿದ ಮೇಲೆ ಕೇಬಲ್ ಕೀಳುವ ರೂಢಿಯನ್ನು ಬಿಡಲು ಕಾರಣವಿಲ್ಲ. ಎಳೆದು ಬಿಡುವ ಮಾಮೂಲಿ ನಕಲಿಗಿಂತ, ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ ಅಥವಾ ಲಿನಕ್ಸ್‌ನ ಆರ್‌ಸಿಂಕ್ ದೊಡ್ಡ ಕೆಲಸಕ್ಕೆ ಲೇಸು, ಏಕೆಂದರೆ ನಡುವೆ ಕರೆಂಟು ಹೋದರೆ ಅವು ಮುಗಿದ ಕಡತಗಳನ್ನು ಬಿಟ್ಟು ಉಳಿದದ್ದನ್ನಷ್ಟೇ ಎತ್ತಿಕೊಳ್ಳುತ್ತವೆ.

ಎರಡೂ ಕಡೆಯ ಕಡತಗಳ ಗಾತ್ರ ಒಂದೇ ಇದ್ದ ಮಾತ್ರಕ್ಕೆ ಒಳಗಿನದೂ ಒಂದೇ ಎನ್ನಲಾಗದು. ಅದನ್ನು ಹೇಳಬಲ್ಲದ್ದು ಹ್ಯಾಶ್ ಎಂಬ ಬೆರಳಚ್ಚು. ಎಸ್‌ಎಚ್‌ಎ-256 ಎಂಬ ಗಣಿತಕ್ರಮ ಕಡತ ಎಷ್ಟೇ ದೊಡ್ಡದಿದ್ದರೂ ಅದನ್ನೆಲ್ಲ ಓದಿ 64 ಅಂಕಿ-ಅಕ್ಷರಗಳ ಒಂದು ಸಾಲನ್ನು ಕೊಡುತ್ತದೆ, ಒಂದೇ ಬಿಟ್ ಬದಲಾದರೂ ಆ ಸಾಲು ಗುರುತು ಸಿಗದಷ್ಟು ಬೇರೆಯಾಗುತ್ತದೆ. ವಿಂಡೋಸ್‌ನ ಸರ್ಟ್‌ಯುಟಿಲ್ ಆದೇಶದಿಂದಲೇ ಇದನ್ನು ಪಡೆಯಬಹುದು. 45 ಗಿಗಾಬೈಟಿಗೆ ಏಳೆಂಟು ನಿಮಿಷ ಹಿಡಿಯುತ್ತದೆಂಬ ಬೇಸರಕ್ಕೆ ಈ ಹಂತವನ್ನು ಹಾರಿಸಿ ಕಾರ್ಡನ್ನು ಮರುದಿನದ ಮದುವೆಗೆಂದು ಅಳಿಸುವುದೇ ಈ ವೃತ್ತಿಯ ದುಬಾರಿ ಅಭ್ಯಾಸ.

ಸಂಕಲನಕ್ಕೋ ಆಲ್ಬಂ ಮುದ್ರಣಕ್ಕೋ ಡಿಸ್ಕು ಹುಬ್ಬಳ್ಳಿಗೆ ಹೋಗಬೇಕಾದಾಗ ಈ ಬೆರಳಚ್ಚು ಇನ್ನಷ್ಟು ಉಪಯುಕ್ತ. ಸೆಕೆಂಡಿಗೆ 20 ಮೆಗಾಬಿಟ್ ಏರಿಸುವ ಅಂತರ್ಜಾಲ ಸಂಪರ್ಕದಲ್ಲಿ ಒಂದು ಟೆರಾಬೈಟ್ ಕಳುಹಿಸಲು ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು; ವಿಜಯಪುರ ಹೆದ್ದಾರಿಯ ಬಸ್ಸಿನಲ್ಲಿ ಚೀಲದೊಳಗೆ ಕುಳಿತ ಅದೇ ಡಿಸ್ಕು ಒಂದು ಗಂಟೆಯಲ್ಲಿ ತಲುಪಿದರೆ ಆ ಬಸ್ಸಿನ ವೇಗ ಸೆಕೆಂಡಿಗೆ 2.2 ಗಿಗಾಬಿಟ್ ಆಯಿತು. ತಿರುಗುವುದನ್ನು ನಿಲ್ಲಿಸಿದ ಡಿಸ್ಕಿನೊಳಗೆ ಓದುವ ತಲೆ ಬಿಲ್ಲೆಯಿಂದ ದೂರ ಸರಿದು ನಿಂತಿರುವುದರಿಂದ ಬಸ್ಸಿನ ಕುಲುಕಾಟವನ್ನು ಅದು ತಡೆದುಕೊಳ್ಳುತ್ತದೆ. ಬೆರಳಚ್ಚಿನ ಪಟ್ಟಿಯನ್ನು ಮಾತ್ರ ಡಿಸ್ಕಿನ ಜೊತೆಗಲ್ಲದೆ ವಾಟ್ಸ್‌ಆ್ಯಪಿನಲ್ಲಿ ಪ್ರತ್ಯೇಕವಾಗಿ ಕಳುಹಿಸಿ, ಅಲ್ಲಿನವರು ಪ್ರತಿ ಕಡತದ ಸಾಲನ್ನೂ ತಾಳೆ ನೋಡಿ ಹೊಂದಿತೆಂದು ಮರುಸಂದೇಶ ಕಳಿಸುವವರೆಗೆ ನವಲಗುಂದದಲ್ಲಿರುವ ಕಾರ್ಡು ಅಳಿಸದೆ ಪೆಟ್ಟಿಗೆಯಲ್ಲೇ ಇರಬೇಕು.